ಹೊಸ ಊರು, ನಮ್ಮ ದೇವರ ಮನೆ: ಮೈಸೂರಿಗೆ ಬಂದ ಕುಟುಂಬಗಳಿಗೆ

ಬಾಗಲಕೋಟೆ, ವಿಜಯಪುರ, ಕಲಬುರಗಿ ಕಡೆಯಿಂದ, ಪುಣೆ-ಮುಂಬೈಯಿಂದ ಮೈಸೂರಿಗೆ ಬಂದು ಮನೆ ಮಾಡುತ್ತಿರುವವರಿಗೆ ಕನ್ನಡ ಸಂಘದ ಕಡೆಯಿಂದ ಇದನ್ನು ಬರೆಯುತ್ತಿದ್ದೇವೆ. ಗ್ಯಾಸು, ನೀರು, ಶಾಲೆಯ ವಿಷಯ ಬೇರೆ ಹಾಳೆಯಲ್ಲಿದೆ. ಇಲ್ಲಿರುವುದು ಮನೆಯೊಳಗಿನ ಮಾತು: ದೇವರು, ನೇಮ, ಹಬ್ಬ. ಬರೆಯುವ ನಾವೂ ಹೊರಗಿನಿಂದ ಬಂದವರೇ. ಯಾರನ್ನು ಕೇಳಬೇಕು ಅಂತ ತಿಳಿಯದೆ ಕಂಗಾಲಾದವರು.

ಬಾಡಿಗೆ ಮನೆ ನೋಡುವಾಗ

- ಮಾಂಸದಡುಗೆ, ಹೋಮದ ಹೊಗೆ, ಭಜನೆಯ ಸದ್ದು: ಇವಕ್ಕೆ ಒಪ್ಪಿಗೆ ಇದೆಯೇ ಅಂತ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ.
- ಜಾತಿ ಕೇಳುವ ಮಾಲೀಕರು ಸಿಗುತ್ತಾರೆ. ಅಂಥ ಮನೆ ಬಿಡಿ, ಬೇರೆ ಸಿಗುತ್ತದೆ.
- ದೇವರ ಕೋಣೆ ಇಲ್ಲದಿದ್ದರೆ ಚಿಂತೆ ಬೇಡ. ಗೋಡೆಯ ಗೂಡು ಸಾಕು.

ಹಾಲುಕ್ಕಿಸುವುದು, ಗೃಹಪ್ರವೇಶ, ಸಾಲ

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇವೆ. ನಮ್ಮಲ್ಲಿ ಎಷ್ಟೋ ಮನೆಗಳು ಇಲ್ಲಿಯೇ ಸೊರಗಿವೆ.

ಬಾಡಿಗೆ ಮನೆಗೆ ಹಾಲುಕ್ಕಿಸಿದರೆ ಸಾಕು. ಬೆಳಿಗ್ಗೆ ದೀಪ ಹಚ್ಚಿ, ಒಲೆಗೆ ಅರಿಶಿನ ಕುಂಕುಮ ಇಟ್ಟು, ಹಾಲು ಉಕ್ಕಿದ ಮೇಲೆ ಅಕ್ಕಪಕ್ಕದವರಿಗೆ ಪಾಯಸ ಕೊಡಿ. ಅವತ್ತೇ ನಾಲ್ಕು ಮನೆಯವರ ಪರಿಚಯವಾಗುತ್ತದೆ.

ಸ್ವಂತ ಮನೆಯ ಗೃಹಪ್ರವೇಶ ಬಂದಾಗ ಕಷ್ಟ ಶುರುವಾಗುತ್ತದೆ. ಬ್ಯಾಂಕಿನ ಸಾಲ ತಲೆ ಮೇಲಿರುತ್ತದೆ. ಅದರ ಮೇಲೆ ಶಾಮಿಯಾನ, ಕೇಟರಿಂಗ್, ಬಂದವರಿಗೆಲ್ಲ ಸೀರೆ. ಊರಿನಿಂದ ಬಂದ ನೆಂಟರು ಏನಂದುಕೊಂಡಾರು ಅನ್ನುವ ಭಯಕ್ಕೆ ಒಡವೆ ಅಡ ಇಟ್ಟವರನ್ನು ನೋಡಿದ್ದೇವೆ. ದೇವರು ಅದನ್ನು ಕೇಳಿದನೇ? ಗಣಪತಿ ಪೂಜೆ, ವಾಸ್ತು ಹೋಮ, ಹತ್ತಿರದವರಿಗೆ ಊಟ. ಇಷ್ಟರಲ್ಲಿ ಶಾಸ್ತ್ರವೂ ಮುಗಿಯುತ್ತದೆ, ಮನಸ್ಸೂ ತುಂಬುತ್ತದೆ. ಪೂಜೆ ಮಾಡಿಸುವವರ ಹತ್ತಿರ ಸಾಮಾನಿನ ಪಟ್ಟಿ ಮತ್ತು ದಕ್ಷಿಣೆಯನ್ನು ಮೊದಲೇ ಮಾತಾಡಿ, ಚೀಟಿಯಲ್ಲಿ ಬರೆದುಕೊಳ್ಳಿ. ಹೋಮದ ನಡುವೆ ಕೂತು ಹೆಚ್ಚಿನ ದುಡ್ಡು ಕೇಳಿದರೆ ಯಾರ ಬಾಯಿಂದಲೂ ಇಲ್ಲ ಅನ್ನುವ ಮಾತು ಬರುವುದಿಲ್ಲ. ನಮ್ಮಲ್ಲೊಬ್ಬರ ಮನೆಯಲ್ಲಿ ಹಾಗೇ ಆಯಿತು. ಆ ನೋವು ಅವರಿಗೆ ಇನ್ನೂ ಹೋಗಿಲ್ಲ.

ಬಸವತತ್ವದ ಮನೆಯವರು ವಚನ ಓದಿಸಿ, ಪ್ರಸಾದ ಬಡಿಸಿ ಪ್ರವೇಶ ಮಾಡಿದ್ದೂ ಇದೆ. ಅದೇನೂ ಕಡಿಮೆಯಲ್ಲ. ನೀವು ನಂಬಿದ್ದನ್ನು ಮಾಡಿ.

ದಿನದ ನೇಮ

ಸಂಜೆ ದೀಪ ಹಚ್ಚುವ ಹೊತ್ತಿಗೆ ಟಿವಿ, ಮೊಬೈಲ್ ಬಂದ್ ಮಾಡಿ. ಹತ್ತು ನಿಮಿಷ ಸಾಕು. ಎಲ್ಲರೂ ಕೂತಿರಬೇಕು, ಅಪ್ಪನೂ ಸೇರಿ. ಅಮ್ಮ ಒಬ್ಬಳೇ ಪೂಜೆ ಮಾಡಿ ಉಳಿದವರು ಫೋನು ನೋಡುತ್ತಿದ್ದರೆ ಮಕ್ಕಳು ಕಲಿಯುವುದು ಫೋನನ್ನೇ. ನಮ್ಮ ಸಂಘದಲ್ಲಿ ನಮಾಜು ಮಾಡುವ ಮನೆಗಳಿವೆ, ಸಂತ ಫಿಲೋಮಿನಾ ಚರ್ಚಿಗೆ ಹೋಗುವ ಮನೆಗಳಿವೆ. ಅವರಿಗೂ ಇದೇ ಮಾತು.

ಇನ್ನೊಂದು ವಿಷಯ, ಬೇಸರ ಮಾಡಿಕೊಳ್ಳಬೇಡಿ. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಬೇರೆ ಲೋಟ ಇಡುವ ಪದ್ಧತಿಯನ್ನು ಊರಿನಿಂದ ಹೊತ್ತು ತಂದಿದ್ದರೆ ಇಲ್ಲಿಗೇ ಬಿಡಿ. ಆ ಲೋಟ ಇರುವ ಮನೆಯಲ್ಲಿ ಎಷ್ಟು ದೊಡ್ಡ ಮಂಟಪ ಕಟ್ಟಿಸಿದರೂ ಏನು ಬಂತು?

ಇಲ್ಲಿನ ಹಬ್ಬ, ನಮ್ಮ ಹಬ್ಬ

ದಸರಾ ಇಲ್ಲಿಯವರ ಉಸಿರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರು ಮಾಡಿದ್ದು. ಆನೆ, ಅಂಬಾರಿಯನ್ನು ಎಲ್ಲರೂ ನೋಡುತ್ತಾರೆ. ಮನೆಯೊಳಗಿನ ದಸರಾ ಅಂದರೆ ಗೊಂಬೆ ಕೂರಿಸುವುದು. ಪಟ್ಟದ ಗೊಂಬೆಗಳಾದ ರಾಜ-ರಾಣಿಯನ್ನು ಮೇಲಿಟ್ಟು, ಮೆಟ್ಟಿಲುಗಳನ್ನು ಬೆಸ ಸಂಖ್ಯೆಯಲ್ಲಿ ಜೋಡಿಸುತ್ತಾರೆ. ಸಂಜೆ ಮಕ್ಕಳು ಮನೆಮನೆಗೆ ಬರುತ್ತಾರೆ, ಅವರಿಗೆ ಗೊಂಬೆ ಬಾಗಿನ ಅಂತ ತಿಂಡಿ ಕೊಡಬೇಕು. ನಿಮ್ಮಲ್ಲಿ ಈ ರೂಢಿ ಇಲ್ಲದಿದ್ದರೆ ಕೂರಿಸಲೇಬೇಕು ಅಂತೇನಿಲ್ಲ. ಇಷ್ಟವಾದರೆ ಚನ್ನಪಟ್ಟಣದ ಗೊಂಬೆ ನಾಲ್ಕು ತಂದು ಒಂದೇ ಮೆಟ್ಟಿಲಲ್ಲಿ ಶುರು ಮಾಡಿ. ಪಕ್ಕದ ಮನೆಯವರ ಒಂಬತ್ತು ಮೆಟ್ಟಿಲು ಅವರ ಅಜ್ಜಿಯ ಕಾಲದಿಂದ ಬಂದದ್ದು.

ಸಂಕ್ರಾಂತಿಗೆ ಎಳ್ಳು ಬೀರಲು ಬಂದವರನ್ನು ಬಾಗಿಲಲ್ಲೇ ನಿಲ್ಲಿಸಬೇಡಿ. ಅವರ ಸಕ್ಕರೆ ಅಚ್ಚಿಗೆ ಬದಲಾಗಿ ನಿಮ್ಮ ಕುಸುರೆಳ್ಳು ಕೊಡಿ, ಖುಷಿ ಪಡುತ್ತಾರೆ. ಯುಗಾದಿಯ ಮರುದಿನ ವರ್ಷದ ತೊಡಕು, ಅಂದರೆ ಮಾಂಸದೂಟದ ಹಬ್ಬ, ಮಟನ್ ಅಂಗಡಿ ಮುಂದೆ ಸಾಲು ಇರುತ್ತದೆ. ಪಿತೃಪಕ್ಷದಲ್ಲಿ ಬಹಳ ಮನೆಗಳಲ್ಲಿ ಹಿರಿಯರಿಗೆ ಮಾಂಸದಡುಗೆಯ ಎಡೆ ಇಡುತ್ತಾರೆ. ಮಂಡ್ಯದ ಕಡೆಯ ನೆರೆಯವರು ಇದ್ದರಂತೂ ಊಟಕ್ಕೆ ಕರೆಯದೆ ಬಿಡುವುದಿಲ್ಲ. ನೀವು ತಿನ್ನದಿದ್ದರೆ ಬಾಳೆಹಣ್ಣು ತಿಂದು ಬನ್ನಿ, ಮೂಗು ಮಾತ್ರ ಮುರಿಯಬೇಡಿ. ಅವರ ಭಕ್ತಿ ನಮ್ಮದಕ್ಕಿಂತ ಒಂದು ಗುಲಗಂಜಿಯೂ ಕಡಿಮೆ ಇಲ್ಲ.

ಹಾಗಂತ ನಮ್ಮದನ್ನು ಬಿಡುವುದೂ ಬೇಡ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಎರಚಲು, ಇಲ್ಲಿ ನಮಗೆ ಹೊಲ ಇಲ್ಲ, ನಿಜ. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಮಕ್ಕಳನ್ನು ಶ್ರೀರಂಗಪಟ್ಟಣದ ಗದ್ದೆ ಬಯಲಿಗೆ ಕರೆದುಕೊಂಡು ಹೋಗಿ. ಭೂಮಿತಾಯಿಗೆ ಕೈಮುಗಿಯಲು ಪಹಣಿ ಬೇಕಾಗಿಲ್ಲ. ನಾಗರಪಂಚಮಿಗೆ ಜೋಕಾಲಿ ಕಟ್ಟಿ. ಬನಶಂಕರಿಯೋ, ಸವದತ್ತಿ ಯಲ್ಲಮ್ಮನೋ, ಮನೆದೇವರಿಗೆ ವರ್ಷಕ್ಕೊಮ್ಮೆಯಾದರೂ ಹೋಗಿ ಬನ್ನಿ.

ಹೋಗಬೇಕಾದ ಜಾಗಗಳು

- ಚಾಮುಂಡಿ ಬೆಟ್ಟ: ಸಾವಿರದಷ್ಟು ಮೆಟ್ಟಿಲು, ನಡುವೆ ದೊಡ್ಡ ನಂದಿ. ಆಷಾಢ ಶುಕ್ರವಾರ ವಿಪರೀತ ಜನ. ವಯಸ್ಸಾದವರನ್ನು ಬೇರೆ ದಿನ ಕರೆದೊಯ್ಯಿರಿ.
- ನಂಜನಗೂಡು: ಶ್ರೀಕಂಠೇಶ್ವರ, ಕಪಿಲಾ ತೀರ. ದೊಡ್ಡ ಜಾತ್ರೆ ಮಾರ್ಚ್-ಏಪ್ರಿಲ್‌ನಲ್ಲಿ.
- ಸುತ್ತೂರು ಜಾತ್ರೆ: ಸಾಮೂಹಿಕ ಮದುವೆ ನೋಡಿ ಬನ್ನಿ.
- ಮೇಲುಕೋಟೆ: ಚೆಲುವನಾರಾಯಣನಿಗೆ ವಜ್ರದ ಕಿರೀಟ ತೊಡಿಸುವ ವೈರಮುಡಿ ಉತ್ಸವ.
- ಗಂಜಾಂ: ಶ್ರೀರಂಗಪಟ್ಟಣದ ಹತ್ತಿರ, ನಿಮಿಷಾಂಬ ದೇವಿಯ ಗುಡಿ.
- ಹೂವು, ವೀಳ್ಯದೆಲೆ: ದೇವರಾಜ ಮಾರುಕಟ್ಟೆ.

ನಿರ್ಮಾಲ್ಯ, ಹಳೆ ಫೋಟೊ, ಬಟ್ಟೆ

ಒಡೆದ ದೇವರ ಫೋಟೊಗಳನ್ನು ಅರಳಿಮರದ ಕೆಳಗೆ ಇಟ್ಟು ಬರುವುದು ಭಕ್ತಿ ಅಲ್ಲ. ಮಳೆಗೆ ನೆನೆದು, ನಾಯಿ ತುಳಿಯುವಂತೆ ಬಿಡುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ? ಚೌಕಟ್ಟು, ಗಾಜು ಬೇರೆ ಮಾಡಿ. ಕಾಗದವನ್ನು ನೆನೆಸಿ ಗಿಡದ ಬುಡಕ್ಕೆ ಹಾಕಿ. ಹೂವಿನ ನಿರ್ಮಾಲ್ಯಕ್ಕೂ ಅದೇ ಜಾಗ. ಸಂಗಮದಲ್ಲಿ ಸ್ನಾನ ಮಾಡಿ ಉಟ್ಟ ಬಟ್ಟೆಯನ್ನು ಕಾವೇರಿಗೆ ಬಿಡಬೇಡಿ. ಕೆಳಗಿನ ಊರುಗಳವರು ಆ ನೀರನ್ನೇ ಕುಡಿಯುವುದು. 2016ರಲ್ಲಿ ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲು ಬಂದ ಊರು ಇದು. ಹೊರಗಿನಿಂದ ಬಂದವರು ಕೆಡಿಸಿದರು ಅನ್ನುವ ಮಾತು ನಮಗೆ ಬರಬಾರದು.

ಕೊನೆಗೆ

ಹುಣ್ಣಿಮೆ ಸಂಜೆ ಸಂಘದಲ್ಲಿ ವಚನ, ದಾಸರ ಪದ, ತತ್ವಪದ ಇರುತ್ತದೆ. ಮನೆಯಲ್ಲಿ ಬೀಸುವ ಪದ, ಸೋಬಾನೆ ಪದ ಬಲ್ಲ ಅಜ್ಜಿ ಇದ್ದರೆ ಖಂಡಿತ ಕರೆತನ್ನಿ. ಮೆಟ್ಟಿಲು ಹತ್ತಲಾಗದವರಿಗೆ ಕೆಳಗೇ ಕುರ್ಚಿ ಹಾಕುತ್ತೇವೆ. ಊಟ ಅವರವರ ಡಬ್ಬಿ.