ಸ್ಟ್ಯಾನ್ಲಿಯ ಪಡುಗಾಳಿ, ಎರಡು ಲಂಗರು: ನನ್ನ ಅನುಭವ

ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ ದ್ವೀಪಗಳ ಬಂದರು ಸ್ಟ್ಯಾನ್ಲಿಯಲ್ಲಿ ಲಂಗರು ನಿಲ್ಲೋದಿಲ್ಲ, ಸುಮ್ನೆ ಧಕ್ಕೆಗೆ ಕಟ್ಟಿ ಅಂತ ನಾನು ಕೇಳಿದವರೆಲ್ಲ ಹೇಳಿದರು. ನಿಲ್ಲುತ್ತದೆ. ನಮ್ಮ 38 ಅಡಿಯ ಉಕ್ಕಿನ ಯಾಟ್ (ಹಾಯಿದೋಣಿ) 45 ನಾಟ್ (ಗಂಟೆಗೆ ಸುಮಾರು 83 ಕಿ.ಮೀ.) ಹತ್ತಿರದ ಗಾಳಿಯಲ್ಲೂ ಜಾಗ ಬಿಡಲಿಲ್ಲ.

ಹಿಂದಿನ ಸಲ ಎಲ್ಲರ ಮಾತು ಕೇಳಿ ಧಕ್ಕೆಗೇ ಕಟ್ಟಿದ್ದೆವು. ಮಧ್ಯಾಹ್ನ ಗಾಳಿ ತಿರುಗಿ ದೋಣಿಯನ್ನು ಗೋಡೆಗೆ ಒತ್ತಿ ಹಿಡಿಯಿತು. ಗೋಡೆಗೆ ತಾಗದಂತೆ ಕಟ್ಟುವ ಎರಡು ಫೆಂಡರ್ ಒಡೆದವು, ಅಂಚಿನ ಬೇಲಿಯ ಒಂದು ಕಂಬ (ಸ್ಟ್ಯಾಂಚನ್) ಬಗ್ಗಿತು, ದೋಣಿ ಹಿಂದೆ ಮುಂದೆ ಸರಿಯದಂತೆ ಕಟ್ಟುವ ಹೊಸ ಹಗ್ಗ (ಸ್ಪ್ರಿಂಗ್ ಲೈನ್) ಸವೆದು ನೂಲಾಯಿತು. ರಿಪೇರಿ ಎಲ್ಲ ಸೇರಿ ನಾನೂರು ಪೌಂಡ್ ಆಸುಪಾಸು ಹೋಯಿತು. ಅಷ್ಟು ದುಡ್ಡಿಗೆ ಒಳ್ಳೆಯ ಲಂಗರು ಬರುತ್ತದೆ, ಅಲ್ವಾ? ಹಾಗೇ ಮಾಡಿದೆ.

ಈ ಬಂದರು ಪೂರ್ವ–ಪಶ್ಚಿಮಕ್ಕೆ ಉದ್ದ, ಅಗಲ ಕಮ್ಮಿ. ಪಡುಗಾಳಿಗೆ ಓಡಲು ನೇರ ದಾರಿ. ಆದರೆ ಬೇಸಿಗೆಯಲ್ಲಿ ನಾನು ನೋಡಿದ ಹೆಚ್ಚಿನ ದಿನ ನಸುಕಿನಲ್ಲಿ ಅದರ ಜೋರು ಸ್ವಲ್ಪ ಕಮ್ಮಿಯಿರುತ್ತಿತ್ತು. ನಮ್ಮ ಲೆಕ್ಕವೆಲ್ಲ ಅದರ ಮೇಲೆ: ಧಕ್ಕೆ ಪ್ರವೇಶದ ಕಾಗದಪತ್ರಕ್ಕೆ ಮಾತ್ರ, ರಾತ್ರಿಗೆ ಲಂಗರು.

ಉರುಗ್ವೆಯ ಪಿರಿಯಾಪೊಲಿಸ್‌ನಿಂದ ಸಾವಿರ ಕಡಲ ಮೈಲಿ (ನಾಟಿಕಲ್ ಮೈಲಿ) ಸುಮಾರು. ಅರ್ಜೆಂಟೀನಾದಿಂದ ಹೊರಟರೆ ಅಲ್ಲಿನ ಸರ್ಕಾರದ 2010ರ 256ನೇ ಆದೇಶದ (ಡಿಕ್ರಿ) ಪ್ರಕಾರ ಬೇರೆ ಅನುಮತಿ ಬೇಕು, ಅದಕ್ಕೇ ಉರುಗ್ವೆ. ಸಂಜೆ ಬಂದರಿನ ಹೊರಗಿನ ಕೊಲ್ಲಿ ಪೋರ್ಟ್ ವಿಲಿಯಮ್‌ನಲ್ಲೇ ನಿಂತು, ಬೆಳಕು ಹರಿದ ಕೂಡಲೇ ತಪಾಸಣೆ ಬೇಕೆಂದು ತಿಳಿಸುವ ಹಳದಿ ಬಾವುಟ ಹಾರಿಸಿ, ಬಂದರಿನ ಕಿರಿದಾದ ಬಾಯಿ ನ್ಯಾರೋಸ್ ದಾಟಿ ಧಕ್ಕೆಗೆ ಬಂದೆವು. ಸಿಬ್ಬಂದಿ ಪಟ್ಟಿ, ವೀಸಾ ಪ್ರತಿ ಎಲ್ಲ ಮೊದಲೇ ಮೇಲ್ ಮಾಡಿದ್ದೆ. ಕಚೇರಿ ಸಮಯದಲ್ಲೇ ಅಧಿಕಾರಿಗಳು ಬರುವಂತೆ ನೋಡಿಕೊಳ್ಳಿ. ಹೊತ್ತಲ್ಲದ ಹೊತ್ತಿಗೆ ಕರೆದರೆ ಫೀಸು ಜಾಸ್ತಿ, ಹಿಂದಿನ ಸಲ ಕೊಟ್ಟಿದ್ದೇನೆ.

ತಪಾಸಣೆಯಲ್ಲಿ ಅವರು ಜಾಸ್ತಿ ನೋಡೋದು ತರಕಾರಿ, ಹಣ್ಣು, ಮಾಂಸ, ಬೀಜ, ಬೂಟಿನ ಮಣ್ಣು. ಉಳಿದ ಈರುಳ್ಳಿ, ಆಲೂಗಡ್ಡೆಯನ್ನು ದಾರಿಯಲ್ಲೇ ಸಾಂಬಾರಿಗೆ ಹಾಕಿ ಮುಗಿಸಿದೆವು. ಹುಣಸೆ, ಧನಿಯಾ, ಒಣಮೆಣಸು ಎಲ್ಲ ಒಂದೇ ಡಬ್ಬಿಗೆ ಹಾಕಿ ಮೇಲೆ ಪಟ್ಟಿ ಅಂಟಿಸಿದ್ದೆ. ಜಾಕೆಟ್‌ನ ವೆಲ್ಕ್ರೋದಲ್ಲಿ ಸಿಕ್ಕಿದ್ದ ಹುಲ್ಲಿನ ಬೀಜಗಳನ್ನು ಹಿಂದಿನ ರಾತ್ರಿ ಟಾರ್ಚ್ ಹಿಡಿದು ಚಿಮಟದಲ್ಲಿ ಒಂದೊಂದಾಗಿ ಕಿತ್ತೆವು. ಹೀಗಿದ್ದರೆ ಕೆಲಸ ಒಂದು ಗಂಟೆಯೊಳಗೆ ಮುಗಿಯುತ್ತದೆ. ನಮ್ಮದು ಮುಗಿಯಿತು.

ಹತ್ತರ ಹೊತ್ತಿಗೆ ಧಕ್ಕೆ ಬಿಟ್ಟೆವು. ಊರಿನ ಎದುರು, ಪಶ್ಚಿಮಕ್ಕೆ ಸ್ವಲ್ಪ ಸರಿದು, ಆರೇಳು ಮೀಟರ್ ಆಳದಲ್ಲಿ ನಿಂತೆವು. ಮಣ್ಣು ಮೆತ್ತಗಿದೆ. ನಿಜವಾದ ಕಾಟ ಕೆಲ್ಪ್ ಎಂಬ ದೊಡ್ಡ ಕಡಲಪಾಚಿಯದು. ನೇಗಿಲಿನಂಥ ಲಂಗರು ಅದರ ಎಲೆಗಳ ಮೇಲೇ ಜಾರುತ್ತದೆ, ಒಮ್ಮೆ ಎತ್ತಿದಾಗ ಒಂದು ಹೊರೆ ಕೆಲ್ಪ್ ಬಂದಿತ್ತು. ಈ ಸಲ ಒಂದರ ಹಿಂದೆ ಒಂದು ಎರಡು ಲಂಗರು ಜೋಡಿಸಿದೆ: ಮುಂದೆ ಇಪ್ಪತ್ತು ಕಿಲೋದ ಹಳೇ ಮಾದರಿಯ ಫಿಶರ್‌ಮನ್ ಲಂಗರು, ಎಂಟು ಮೀಟರ್ ಚೈನ್ ಬಿಟ್ಟು ಹಿಂದೆ ಇಪ್ಪತ್ತೈದು ಕಿಲೋದ ದೊಡ್ಡದು. ಒಟ್ಟು ಅರವತ್ತು ಮೀಟರ್ ಚೈನ್ ಬಿಟ್ಟೆ. ಫಿಶರ್‌ಮನ್‌ನ ಚೂಪು ಮೂತಿ ಕೆಲ್ಪ್ ತೂರಿ ಮಣ್ಣಿಗೆ ಇಳಿಯುತ್ತದೆ, ಹಿಂದಿರುವ ದೊಡ್ಡದು ಅದರ ಚೈನನ್ನು ತಳಕ್ಕೆ ಒತ್ತಿ ಹಿಡಿಯುತ್ತದೆ. ಮುಂದಿನ ಚೈನನ್ನು ದೊಡ್ಡ ಲಂಗರಿನ ಯಾವ ಜಾಗಕ್ಕೆ ಕಟ್ಟಬೇಕು ಅನ್ನೋದನ್ನು ಇಲ್ಲಿ ಬರೆಯೋದಿಲ್ಲ. ಅದು ನಿಮ್ಮ ಲಂಗರಿನ ಮಾದರಿ ನೋಡಿ ನೀವೇ ಹುಡುಕಬೇಕಾದ್ದು. ಮೊದಲ ಹತ್ತು ನಿಮಿಷ ಎಂಜಿನ್ ಮುಟ್ಟಬೇಡಿ. ಆಮೇಲೆ ನಿಧಾನಕ್ಕೆ ರಿವರ್ಸ್ ಕೊಡಿ.

ಒಂದು ಬೇರೆ ಪ್ರಯೋಗವೂ ಆಯಿತು. ನಮ್ಮೂರಿನಿಂದ ತಂದಿದ್ದ ಕುಡುಗೋಲನ್ನು ಬೋಟ್‌ಹುಕ್ (ಕೊಕ್ಕೆಯ ಉದ್ದ ಕೋಲು) ತುದಿಗೆ ಕಟ್ಟಿದೆ. ಚೈನಿಗೆ ಸುತ್ತಿದ ಕೆಲ್ಪ್ ಕತ್ತರಿಸಲು ಬ್ರೆಡ್ ಚಾಕುವಿಗಿಂತ ಎಷ್ಟೋ ಮೇಲು. ಕೂವೆಮರವನ್ನು ಹಿಂದಿನಿಂದ ಹಿಡಿಯುವ ತಂತಿಗೆ (ಬ್ಯಾಕ್‌ಸ್ಟೇ) ಸಣ್ಣ ಹಾಯಿ ಕಟ್ಟಿದ ಮೇಲೆ ದೋಣಿ ಅತ್ತಿತ್ತ ಓಡಾಡೋದು ಅರ್ಧಕ್ಕರ್ಧ ಕಮ್ಮಿಯಾಯಿತು.

ದೋಣಿ ಸರಿದಿದೆಯೇ ಎಂದು ತಿಳಿಯಲು ದಿಕ್ಸೂಚಿಯಲ್ಲಿ ನೋಡುವ ದಿಕ್ಕಿಗೆ (ಬೇರಿಂಗ್) ಬಂದರಿನ ಪೂರ್ವದ ತುದಿಯ ಲೇಡಿ ಎಲಿಜಬೆತ್ ಹಡಗನ್ನು ಹಿಡಿದಿದ್ದೆ. 1879ರಲ್ಲಿ ಕಟ್ಟಿದ ಕಬ್ಬಿಣದ ಹಡಗು, 1936ರಿಂದ ಅಲ್ಲೇ ತಳ ಹತ್ತಿ ಕೂತಿದೆ, ಅದರ ಕೂವೆಮರಗಳು ದೂರಕ್ಕೂ ಕಾಣುತ್ತವೆ. ಗಾಳಿ ಜೋರಾದಾಗ ಗಂಟೆಗೊಮ್ಮೆ ನೋಡಿದೆ, ಬೇರಿಂಗ್ ಹೆಚ್ಚುಕಮ್ಮಿ ಅದೇ. ಧಕ್ಕೆಯಲ್ಲಿದ್ದ ಯಾಟಿನವರು ಮಾರನೇ ದಿನ ತಮ್ಮ ಪುಟ್ಟ ದೋಣಿಯಲ್ಲಿ (ಡಿಂಗಿ) ಬಂದು ಚೈನ್ ಅಳತೆ ಕೇಳಿ ಬರೆದುಕೊಂಡರು.

ಇನ್ನೊಂದು, ದುಡ್ಡಿನ ವಿಷಯ. ಫಾಕ್‌ಲ್ಯಾಂಡ್ ಪೌಂಡ್ ಬ್ರಿಟಿಷ್ ಪೌಂಡಿಗೆ ಸಮ, ಬ್ರಿಟಿಷ್ ನೋಟು ಅಲ್ಲಿ ನಡೆಯುತ್ತದೆ. ಅಲ್ಲಿನ ನೋಟು ಹೊರಗೆ ನಡೆಯೋದು ಕಷ್ಟ. ಹೊರಡುವ ಮುಂಚೆ ಡೀಸೆಲ್‌ಗೆ ಕೊಟ್ಟು ಮುಗಿಸಿಬಿಡಿ.