ವಿಮಾನ ಕಂಪನಿ ಬಾಗಿಲು ಹಾಕಿದರೂ ಟಿಕೆಟ್ ದುಡ್ಡು ಮುಳುಗದಂತೆ ನೋಡಿಕೊಳ್ಳುವುದು

ಗಣೇಶನ ಹಬ್ಬಕ್ಕೋ ಊರಿನ ಮದುವೆಗೋ ಮುಂಬಯಿ, ಪುಣೆಯಿಂದ ಎರಡು ಮೂರು ತಿಂಗಳು ಮೊದಲೇ ವಿಮಾನದ ಟಿಕೆಟ್ ತೆಗೆದಿಡುವವರು ಬಹಳ. ಹಾಗೆ ಮುಂಗಡ ಕಟ್ಟಿದ ದುಡ್ಡು ಹಾರುವ ದಿನದವರೆಗೂ ಕಂಪನಿಯ ಕೈಯಲ್ಲಿರುತ್ತದೆ. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್, 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್, 2023ರ ಮೇ 3ರಂದು ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಕೊನೆಯ ಎರಡರ ಮುಖ್ಯ ಕಚೇರಿ ಮುಂಬಯಿಯಲ್ಲೇ ಇತ್ತು.

ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ಪ್ರಯಾಣಿಕರ ಪಾಡೇನು? ಆಸ್ತಿ ಮಾರಿ ಬಂದ ಹಣ ಯಾರಿಗೆ ಮೊದಲು ಎಂಬುದನ್ನು ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಹೇಳುತ್ತದೆ. ಪ್ರಕ್ರಿಯೆಯ ಖರ್ಚು, ಕಾರ್ಮಿಕರ ಬಾಕಿ, ಅಡಮಾನ ಇಟ್ಟುಕೊಂಡ ಬ್ಯಾಂಕುಗಳು ಮುಂದೆ ನಿಲ್ಲುತ್ತವೆ; ಟಿಕೆಟ್ ಕೊಂಡವರು ಬಹಳ ಹಿಂದೆ. ಜೆಟ್ ಪ್ರಕರಣ 2019ರ ಜೂನ್‌ನಲ್ಲಿ ಮುಂಬಯಿಯ ಎನ್‌ಸಿಎಲ್‌ಟಿಗೆ (ಕಂಪನಿಗಳ ದಿವಾಳಿ ಪ್ರಕರಣ ನೋಡುವ ನ್ಯಾಯಮಂಡಳಿ) ಹೋಯಿತು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು ಆದೇಶಿಸಿತು. ಆ ಸಾಲಿನಲ್ಲಿ ನಿಂತು ಕಾಯುವುದರಿಂದ ಸಂಸಾರ ನಡೆಯುವುದಿಲ್ಲ. ದುಡ್ಡು ಬೇರೆ ದಾರಿಯಿಂದ ಬರಬೇಕು. ಆ ದಾರಿಯನ್ನು ಟಿಕೆಟ್ ತೆಗೆಯುವಾಗಲೇ ಮಾಡಿಟ್ಟುಕೊಳ್ಳಬೇಕು.

ಮೊದಲ ರಕ್ಷಣೆ ಇನ್ಶೂರೆನ್ಸ್ ಅಲ್ಲ, ಕಾರ್ಡ್. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ 'ಹಣ ಕೊಟ್ಟೆ, ಸೇವೆ ಸಿಗಲಿಲ್ಲ' ಎಂದು ತಕರಾರು ಹಾಕಬಹುದು, ಇದೇ ಚಾರ್ಜ್‌ಬ್ಯಾಕ್. ಕಂಪನಿಯ ಬಳಿ ಬಿಡಿಗಾಸಿಲ್ಲದಿದ್ದರೂ ಇದು ನಡೆಯುವುದಕ್ಕೆ ಕಾರಣವಿದೆ: ಕಂಪನಿಗಾಗಿ ಕಾರ್ಡ್ ಹಣ ವಸೂಲು ಮಾಡಿಕೊಟ್ಟ ಬ್ಯಾಂಕ್ ಕಾರ್ಡ್ ಜಾಲದ ನಿಯಮದಂತೆ ಹೊಣೆ ಹೊರಬೇಕಾಗುತ್ತದೆ. ಡೆಬಿಟ್ ಕಾರ್ಡ್‌ಗೂ ಈ ಹಕ್ಕು ಇದೆ, ಆದರೆ ತಕರಾರು ಮುಗಿಯುವವರೆಗೆ ಸಿಕ್ಕಿಬೀಳುವುದು ನಿಮ್ಮ ಖಾತೆಯ ಹಣ. ಆದ್ದರಿಂದ ದೊಡ್ಡ ಮೊತ್ತಕ್ಕೆ ಕ್ರೆಡಿಟ್ ಕಾರ್ಡೇ ಸರಿ. ಯುಪಿಐ, ನೆಟ್‌ಬ್ಯಾಂಕಿಂಗ್, ಏಜೆಂಟರ ಕೈಗೆ ನಗದು ಕೊಟ್ಟರೆ ಕಾರ್ಡ್ ಜಾಲದ ಈ ಬಲ ಇರುವುದಿಲ್ಲ. ಕಾರ್ಡ್‌ನಲ್ಲೇ ಇಎಂಐ ಹಾಕಿಸಿದರೆ ಟಿಕೆಟ್ ಹಣ ವಾಪಸು ಬಂದರೂ ಬಡ್ಡಿ, ಪ್ರೊಸೆಸಿಂಗ್ ಶುಲ್ಕ ತಲೆಯ ಮೇಲೆ ಉಳಿಯಬಹುದು.

ಸ್ಟೇಟ್‌ಮೆಂಟ್‌ನಲ್ಲಿ ಯಾರ ಹೆಸರು ಬಂದಿದೆ ನೋಡಿ. ವಿಮಾನ ಕಂಪನಿಯ ಹೆಸರಿದ್ದರೆ ತಕರಾರು ನೇರ. ಬುಕಿಂಗ್ ಸೈಟಿನ ಹೆಸರಿದ್ದರೆ ತಕರಾರು ಆ ಸೈಟಿನ ಮೇಲೆ ಬೀಳುತ್ತದೆ, ಅವರು 'ಟಿಕೆಟ್ ಮಾಡಿಕೊಟ್ಟೆವು, ನಮ್ಮ ಕೆಲಸ ಮುಗಿಯಿತು' ಎಂದು ವಾದಿಸುತ್ತಾರೆ. ನೂರಿನ್ನೂರು ರೂಪಾಯಿ ಹೆಚ್ಚಾದರೂ ಕಂಪನಿಯ ಸ್ವಂತ ಸೈಟಿನಲ್ಲಿ ತೆಗೆಯುವುದು ಲೇಸು.

ಇನ್ನು ಟ್ರಾವೆಲ್ ಇನ್ಶೂರೆನ್ಸ್. ಟಿಕೆಟ್ ತೆಗೆಯುವಾಗ ಟಿಕ್ ಹಾಕಿ ಕೊಳ್ಳುವ ಸಣ್ಣ ಪಾಲಿಸಿಗಳು ಸಾಮಾನ್ಯವಾಗಿ ಅಪಘಾತ, ಲಗೇಜ್, ವಿಳಂಬ ಇಷ್ಟನ್ನೇ ನೋಡಿಕೊಳ್ಳುತ್ತವೆ. ದಿವಾಳಿ ಸೇರಿದೆಯೇ ಎಂದು ತಿಳಿಯಲು ಜಾಹೀರಾತಿನ ಪುಟ ಸಾಲದು, 'ಪಾಲಿಸಿ ವರ್ಡಿಂಗ್ಸ್' ಎಂಬ ಪಿಡಿಎಫ್ ಇಳಿಸಿಕೊಂಡು 'ಇನ್ಸಾಲ್ವೆನ್ಸಿ', 'ಬ್ಯಾಂಕ್‌ರಪ್ಟ್ಸಿ', 'ಫೈನಾನ್ಶಿಯಲ್ ಡಿಫಾಲ್ಟ್' ಪದಗಳನ್ನು ಹುಡುಕಿ. ಆ ಪದ ಹೊರತುಪಡಿಸಿದ ಸಂಗತಿಗಳ ಭಾಗದಲ್ಲಿ ಸಿಕ್ಕಿದರೆ ರಕ್ಷಣೆ ಇಲ್ಲ. ಎಲ್ಲೂ ಸಿಗದಿದ್ದರೂ ಖುಷಿಪಡಬೇಡಿ: ಪ್ರವಾಸ ರದ್ದಾದರೆ ಹಣ ಕೊಡುವ ಕಾರಣಗಳನ್ನು ಪಾಲಿಸಿಯಲ್ಲಿ ಎಣಿಸಿ ಬರೆದಿರುತ್ತಾರೆ, ಪಟ್ಟಿಯಲ್ಲಿಲ್ಲದ ಕಾರಣಕ್ಕೆ ಹಣವಿಲ್ಲ. ದಿವಾಳಿಗೆ ರಕ್ಷಣೆ ಇದ್ದರೆ ಮೂರು ಸಂಗತಿ ನೋಡಿ. ಗರಿಷ್ಠ ಮೊತ್ತ ಎಷ್ಟು, ನಿಮ್ಮ ಪಾಲಿಗೆ ಎಷ್ಟು ಕಳೆಯುತ್ತಾರೆ, ಹೋಟೆಲ್ ಖರ್ಚು ಸೇರುತ್ತದೆಯೇ.

ಪಾಲಿಸಿಯನ್ನು ಬುಕಿಂಗ್ ಮಾಡಿದ ದಿನವೇ ತೆಗೆಯಿರಿ. ಕಂಪನಿ ಕಷ್ಟದಲ್ಲಿದೆ ಎಂದು ಪತ್ರಿಕೆಯಲ್ಲಿ ಬಂದ ಮೇಲೆ ಕೊಂಡರೆ 'ಗೊತ್ತಿದ್ದ ಸಂಗತಿ' ಎಂದು ಕ್ಲೇಮ್ ತಳ್ಳಿಹಾಕುತ್ತಾರೆ. ಸುಳಿವುಗಳೇನೂ ಗುಟ್ಟಾಗಿ ಇರುವುದಿಲ್ಲ: ಸಂಬಳ ತಡ, ತೈಲ ಕಂಪನಿ ಇಂಧನ ನಿಲ್ಲಿಸಿತೆಂಬ ಸುದ್ದಿ, ನೆಲ ಹಿಡಿದ ವಿಮಾನಗಳು. ನಿಲ್ಲುವ ಹೊತ್ತಿಗೆ ಗೋ ಫಸ್ಟ್‌ನ ಸುಮಾರು ಅರ್ಧ ವಿಮಾನಗಳು ಎಂಜಿನ್ ಇಲ್ಲದೆ ನಿಂತಿದ್ದವು. ಅಂಥ ಕಂಪನಿಯಲ್ಲಿ ಹನ್ನೆರಡು ಜನರ ಮದುವೆ ದಿಬ್ಬಣವನ್ನು ಒಂದೇ ಸಲ ಬುಕ್ ಮಾಡಬೇಡಿ.

ಗೋವಾಕ್ಕೆ ಹೋಗುವವರಿಗೆ ಟಿಕೆಟ್‌ಗಿಂತ ಹೋಟೆಲ್ಲೇ ದುಬಾರಿಯಾಗಿರುತ್ತದೆ, ಅದು ಚಾರ್ಜ್‌ಬ್ಯಾಕ್‌ನಲ್ಲಿ ಬರುವುದಿಲ್ಲ. ರೂಮು ಕೊಡಲು ಹೋಟೆಲಿನವರು ಸಿದ್ಧರಿದ್ದರಲ್ಲ! ಹಾಗಾಗಿ ಉಚಿತ ರದ್ದತಿ ಇರುವ ದರವನ್ನೇ ಆರಿಸಿ. ಮುಂಬಯಿಂದ ಒಂದು ಕಂಪನಿಯಲ್ಲಿ ಹೋಗಿ ದುಬೈಯಲ್ಲಿ ಇನ್ನೊಂದನ್ನು ಹತ್ತುವುದಿದ್ದರೆ ಎರಡೂ ಒಂದೇ ಟಿಕೆಟ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ಮುಳುಗಿದಾಗ ಎರಡನೆಯ ಕಂಪನಿ 'ನೀವು ಬರಲಿಲ್ಲ' ಎಂದು ಹಣ ಹಿಡಿದಿಡುತ್ತದೆ. ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯದು. ಉದಾಹರಣೆಗೆ 098 ಎಂದರೆ ಏರ್ ಇಂಡಿಯಾ. ಆ ಕಂಪನಿ ಗಟ್ಟಿಯಾಗಿರಲಿ.

ಹಾರಾಟ ನಿಂತ ಸುದ್ದಿ ಬಂದ ದಿನ ಬಹಳ ಜನ ಒಂದು ತಪ್ಪು ಮಾಡುತ್ತಾರೆ: ಗಾಬರಿಯಲ್ಲಿ ತಾವೇ ಟಿಕೆಟ್ ಕ್ಯಾನ್ಸಲ್ ಒತ್ತುತ್ತಾರೆ. ಆಗ ರದ್ದು ಮಾಡಿದವರು ನೀವಾಗುತ್ತೀರಿ, ಕ್ಯಾನ್ಸಲೇಶನ್ ಶುಲ್ಕ ಕಳೆದು ಉಳಿದದ್ದಕ್ಕಷ್ಟೇ ವಾದ ನಿಲ್ಲುತ್ತದೆ. ಕಂಪನಿಯೇ ರದ್ದು ಮಾಡಲಿ. 'ಮುಂದೆ ಹಾರಲು' ಎಂದು ಕೊಡುವ ವೋಚರ್, ಕ್ರೆಡಿಟ್ ಶೆಲ್ (ಹಣವನ್ನು ಕಂಪನಿಯಲ್ಲೇ ನಿಮ್ಮ ಹೆಸರಿಗೆ ಜಮಾ ಇಡುವುದು) ಒಪ್ಪಬೇಡಿ. ಒಪ್ಪಿದರೆ ಸೇವೆಗೆ ಬದಲಿ ಸಿಕ್ಕಿತೆಂದು ಲೆಕ್ಕ. ಗೋ ಫಸ್ಟ್ ಕೆಲವೇ ದಿನಗಳಿಗೆಂದು ರದ್ದು ಮಾಡಿ ಮತ್ತೆ ಮತ್ತೆ ಮುಂದೂಡಿತು. ಅಂಥ ಪ್ರತಿ ಪ್ರಕಟಣೆಯ ಸ್ಕ್ರೀನ್‌ಶಾಟ್ ತಾರೀಕು ಕಾಣುವಂತೆ ತೆಗೆದಿಡಿ. ಸೈಟು ಯಾವಾಗ ಮುಚ್ಚುತ್ತದೋ ಹೇಳಲಾಗದು, ಟಿಕೆಟ್ ಪಿಡಿಎಫ್ ಕೂಡ ಆಗಲೇ ಇಳಿಸಿಕೊಳ್ಳಿ.

ಕಂಪನಿಗೆ ರಿಫಂಡ್ ಕೇಳಿ ಒಂದು ಮೇಲ್ ಹಾಕಿ, ಬಳಿಕ ಬ್ಯಾಂಕಿನ ಡಿಸ್ಪ್ಯೂಟ್ ಫಾರ್ಮ್ ತುಂಬಿ. ವೀಸಾದಲ್ಲಿ ಸೇವೆ ಸಿಗಬೇಕಿದ್ದ ದಿನದಿಂದ ಸಾಮಾನ್ಯವಾಗಿ 120 ದಿನ, ಹಣ ಕಟ್ಟಿದ ದಿನದಿಂದ ಹೆಚ್ಚೆಂದರೆ 540 ದಿನ ಅವಕಾಶ. ಕಾರಣದ ಜಾಗದಲ್ಲಿ ಕಥೆ ಬೇಡ, ಇಷ್ಟು ಸಾಕು: 'ಈ ಪಿಎನ್‌ಆರ್, ಈ ತಾರೀಕಿನ ವಿಮಾನವನ್ನು ಕಂಪನಿ ರದ್ದು ಮಾಡಿದೆ, ಸೇವೆ ಸಿಕ್ಕಿಲ್ಲ, ರಿಫಂಡ್ ಬಂದಿಲ್ಲ, ವೋಚರ್ ಪಡೆದಿಲ್ಲ.' ಟಿಕೆಟ್, ರದ್ದತಿ ಮೇಲ್, ನಿಮ್ಮ ರಿಫಂಡ್ ಮೇಲ್, ಸ್ಟೇಟ್‌ಮೆಂಟಿನ ಆ ಪುಟ ಲಗತ್ತಿಸಿ. ಫೋನಿನಲ್ಲಿ 'ಕೇಸು ಎನ್‌ಸಿಎಲ್‌ಟಿಯಲ್ಲಿದೆ, ಏನೂ ಆಗುವುದಿಲ್ಲ' ಎಂದರೆ ಅಲ್ಲಿಗೇ ಬಿಡಬೇಡಿ. ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ತಳ್ಳಿಹಾಕಿದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಹಾಕಬಹುದು, ಅದಕ್ಕೆ ಶುಲ್ಕವಿಲ್ಲ.

ಇನ್ಶೂರೆನ್ಸ್ ಇದ್ದವರು ಅದೇ ವಾರ ಅಲ್ಲಿಗೂ ತಿಳಿಸಿ. ಒಂದೇ ನಷ್ಟಕ್ಕೆ ಎರಡು ಕಡೆ ಹಣ ಪಡೆಯುವಂತಿಲ್ಲ. ಟಿಕೆಟ್ ಹಣ ಕಾರ್ಡ್‌ನಿಂದ, ಹೋಟೆಲ್ ನಷ್ಟ ಪಾಲಿಸಿಯಿಂದ ಎಂದು ಬೇರೆ ಬೇರೆಯಾಗಿ ಕೇಳಿ. ಕಾರ್ಡ್ ದಾರಿ ಇಲ್ಲದವರಿಗೆ ಉಳಿಯುವುದು ದಿವಾಳಿ ಪ್ರಕ್ರಿಯೆಯ ಕ್ಲೇಮ್. ಪತ್ರಿಕಾ ಪ್ರಕಟಣೆಯಲ್ಲಿ ಕೊನೆಯ ದಿನ, ಫಾರ್ಮ್, ಇಮೇಲ್ ಎಲ್ಲ ಇರುತ್ತದೆ; ಕ್ಲೇಮ್ ಸಲ್ಲಿಸಲು ಮೊದಲು ಕೊಡುವ ಗಡುವು ಎರಡು ವಾರದಷ್ಟೇ. ಏಜೆಂಟರ ಮೂಲಕ ತೆಗೆದ ಟಿಕೆಟ್ ಆದರೆ ಕ್ಲೇಮ್ ಅವರು ಹಾಕುತ್ತಾರೋ ನೀವು ಹಾಕಬೇಕೋ ಎಂಬುದನ್ನು ಮೊದಲ ದಿನವೇ ಬರಹದಲ್ಲಿ ಕೇಳಿ ಪಡೆದುಕೊಳ್ಳಿ.