ಕೊಯ್ದದ್ದನ್ನು ಒಪ್ಪಿಕೊಂಡೇ ಕಳವಿನ ಪ್ರಕರಣ ಗೆದ್ದ ಬಗೆ

ಅಡಿಕೆ ಕೊನೆ (ಗೊನೆ) ಕಳವಿನ ಪ್ರಕರಣ ಬಂದಾಗ ‘ನಮ್ಮವರು ಕೊಯ್ದೇ ಇಲ್ಲ’ ಎಂದು ವಾದಿಸುವುದು ಶಿರಸಿಯ ನಮ್ಮ ವಕೀಲರಲ್ಲಿ ಅನೇಕರಿಗೆ ರೂಢಿಯಾಗಿದೆ. ‘ಕೊಯ್ದದ್ದು ಹೌದು, ಕಳವಲ್ಲ’ ಎಂದು ಮೊದಲ ದಿನದಿಂದಲೇ ಹೇಳುತ್ತೇನೆಂದಾಗ ಹಿರಿಯ ವಕೀಲರೊಬ್ಬರು, ‘ಒಪ್ಪಿಕೊಂಡರೆ ಅರ್ಧ ತೀರ್ಪನ್ನು ನೀವೇ ಬರೆದುಕೊಟ್ಟಂತೆ’ ಎಂದಿದ್ದರು. ಆ ವಾದದಲ್ಲೇ ಆರೋಪಿ ಖುಲಾಸೆಯಾದುದರಿಂದ ಇದನ್ನು ಬರೆಯುತ್ತಿದ್ದೇನೆ.

ತೋಟ ದಾಯಾದಿಗಳದು; ವಾಟ್ನಿ, ಅಂದರೆ ಪಾಲು ಹಂಚಿಕೆ, ಬಾಯಿಮಾತಿನದು; ಪಹಣಿ ಮಾತ್ರ ದೊಡ್ಡಪ್ಪನ ಮಗನ ಹೆಸರಿನಲ್ಲಿ. ನನ್ನ ಕಕ್ಷಿದಾರರು ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನನ್ನು ಕರೆಸಿ ಹಾಡಹಗಲೇ ಕೊಯ್ಸಿ, ಒಣಗಿಸಿದ ಅಡಿಕೆಯನ್ನು (ಚಾಲಿ) ತಮ್ಮದೇ ಹೆಸರಿನಲ್ಲಿ ಮಾರಿದ್ದರು. ಎರಡು ಕ್ವಿಂಟಲ್ ಆಸುಪಾಸು, ಬೆಲೆ ಸುಮಾರು 70,000 ರೂಪಾಯಿ. ಪೊಲೀಸರು ಭಾರತೀಯ ದಂಡ ಸಂಹಿತೆಯ, ಕಳವಿಗೆ ಶಿಕ್ಷೆ ಹೇಳುವ 379ನೇ ಕಲಮಿನಡಿ ದೋಷಾರೋಪಣಾ ಪಟ್ಟಿ ಸಲ್ಲಿಸಿದರು.

ವಿಚಾರಣೆಗೆ ಮುನ್ನವೇ ಆರೋಪದಿಂದ ಬಿಡುಗಡೆ ಕೋರಿ ದಂಡ ಪ್ರಕ್ರಿಯಾ ಸಂಹಿತೆಯ 239ರಡಿ ಹಾಕಿದ ಅರ್ಜಿ ಬಿತ್ತು, ಪುನರೀಕ್ಷಣಾ ಅರ್ಜಿಯೂ ಬಿತ್ತು. ಕಳವಿಗೆ ಬೇಕಾದ ಅಪ್ರಾಮಾಣಿಕ ಉದ್ದೇಶವೆಂಬುದು ಸಾಕ್ಷ್ಯದಿಂದ ತಿಳಿಯಬೇಕಾದ ಸಂಗತಿ ಎಂಬುದೇ ಎರಡೂ ಕಡೆಯ ಉತ್ತರವಾಗಿತ್ತು. ಅಷ್ಟರಲ್ಲಿ ಒಂದು ವರ್ಷವೂ ಹದಿನೈದು ಸಾವಿರದಷ್ಟು ಹಣವೂ ಹೋಗಿತ್ತು. ಸಾಕ್ಷ್ಯವೇ ಬೇಕೆಂದರೆ ಸಾಕ್ಷ್ಯವನ್ನೇ ಕೊಡೋಣವೆಂದು ಕಕ್ಷಿದಾರರ ಮನೆಯ ಹಳೆಯ ಲೆಕ್ಕದ ಪುಸ್ತಕಗಳನ್ನು ತರಿಸಿದೆ. ಮಳೆಗಾಲದ ಒಂದು ಪುಟದಲ್ಲಿ ಮೈಲುತುತ್ತು, ಸುಣ್ಣ, ಕೊಳೆರೋಗಕ್ಕೆ ಮದ್ದು ಹೊಡೆದ ಕೊನೆಗೌಡನ ಕೂಲಿ, ಪಕ್ಕದಲ್ಲಿ ಅದೇ ತೋಟದ ಹೆಸರು; ಮುಂದಿನ ವರ್ಷಗಳಲ್ಲೂ ಹಾಗೆಯೇ. ಸೊಸೈಟಿಯ ಮಾರಾಟದ ಚೀಟಿಗಳು ಈ ಲೆಕ್ಕಕ್ಕೆ ಹೊಂದಿಕೊಂಡವು. ಕದಿಯುವವನು ಆಷಾಢದಲ್ಲಿ ಮದ್ದು ಹೊಡೆಸಿ ಫಸಲು ಕಾಯುವುದಿಲ್ಲ. ಪಾಟೀ ಸವಾಲಿನಲ್ಲಿ ಫಿರ್ಯಾದಿಯೇ ಆ ವರ್ಷಗಳಲ್ಲಿ ತಾನು ಮದ್ದು ಹೊಡೆಸಿಲ್ಲವೆಂದು ಒಪ್ಪಿದರು. ಆ ಪ್ರಶ್ನೆಗೆ ಮುನ್ನ ಯಾವ ಎರಡು ಪ್ರಶ್ನೆ ಕೇಳಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವು ಇನ್ನೂ ಬಳಕೆಯಲ್ಲಿವೆ.

ಅದೇ ಪ್ರಕ್ರಿಯಾ ಸಂಹಿತೆಯ 313(5)ರಡಿ ಆರೋಪಿ ಕೊಡಬಹುದಾದ ಲಿಖಿತ ಹೇಳಿಕೆಯಲ್ಲಿ ಕೊಯ್ದ ದಿನ, ಆಳುಗಳು, ಮಾರಿದ ಹಣ, ಎಲ್ಲವನ್ನೂ ನಾವೇ ಹೇಳಿದೆವು. ಚಂಡಿ ಕುಮಾರ್ ದಾಸ್ ಕರ್ಮಾಕರ್ ಪ್ರಕರಣದಲ್ಲಿ, ಕೆರೆಯ ಮೀನಿನ ವಿವಾದವೊಂದರಲ್ಲಿ, ಹಕ್ಕಿದೆಯೆಂಬ ಪ್ರಾಮಾಣಿಕ ನಂಬಿಕೆ ನೆಪಮಾತ್ರವಾಗಿರದಿದ್ದರೆ ಅದು ಒಳ್ಳೆಯ ಪ್ರತಿವಾದವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಕಳವೆಂದರೇನೆಂದು ಹೇಳುವ ದಂಡ ಸಂಹಿತೆಯ 378ರ ಕೊನೆಯ ದೃಷ್ಟಾಂತವೂ ಇದನ್ನೇ ಹೇಳುತ್ತದೆ. ಹಕ್ಕು ಸಿವಿಲ್ ದಾವೆಯಲ್ಲಿ ಸೋಲಬಹುದು, ನಂಬಿಕೆ ಸೋಲಬೇಕಾಗಿಲ್ಲ. ಈಗ ಯಲ್ಲಾಪುರದಿಂದಲೂ ನನ್ನ ಲಿಖಿತ ವಾದದ ಪ್ರತಿ ಕೇಳುತ್ತಾರೆ.

ಕಾರವಾರದ ದೋಣಿಯ ಪ್ರಕರಣವೊಂದರಲ್ಲಿ ಇದನ್ನು ಬೇರೆ ರೀತಿಯಲ್ಲಿ ಪ್ರಯೋಗಿಸಿ ನೋಡಿದೆ. ದೋಣಿಯನ್ನು ಮರಳಿಸುವ ಉದ್ದೇಶವಿತ್ತು, ಆದ್ದರಿಂದ ಕಳವಲ್ಲ ಎಂಬ ವಾದ ನಿಲ್ಲಲಿಲ್ಲ. ಜೋಧಪುರದಲ್ಲಿ ತರಬೇತಿಯ ವಿಮಾನ ಹಾರಿಸಿಕೊಂಡು ಹೋದ ಕೆ. ಎನ್. ಮೆಹ್ರಾ ಪ್ರಕರಣದಲ್ಲಿ, ಕಳವಾಗಲು ತಾತ್ಕಾಲಿಕವಾಗಿ ಒಯ್ದರೂ ಸಾಕೆಂದು 1957ರಲ್ಲೇ ತೀರ್ಮಾನವಾಗಿದೆ. ಮರಳಿ ಕೊಡುವ ಮನಸ್ಸು ಬೇರೆ, ತನ್ನದೆಂಬ ನಂಬಿಕೆ ಬೇರೆ.

2024ರ ಜುಲೈ 1ರಿಂದೀಚಿನ ಕೃತ್ಯಗಳಿಗೆ, ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮು ಅನ್ವಯಿಸುತ್ತದೆ. 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಮೊದಲ ಕಳವಿಗೆ, ಮಾಲನ್ನೋ ಅದರ ಬೆಲೆಯನ್ನೋ ಮರಳಿಸಿದರೆ, ಸಮುದಾಯ ಸೇವೆಯ ಶಿಕ್ಷೆ. ಕಕ್ಷಿದಾರರು ಅದನ್ನೇ ಸುಲಭವೆಂದು ಬಯಸುತ್ತಾರೆ. ತೋಟ ತನ್ನದೆಂದು ನಂಬಿದವರಿಗೆ ನಾನು ಅದನ್ನು ಸೂಚಿಸುವುದಿಲ್ಲ, ಏಕೆಂದರೆ ಅಲ್ಲಿಯೂ ಮೊದಲು ಕಳವಿನ ಅಪರಾಧಿಯೆಂದು ತೀರ್ಮಾನವಾಗಬೇಕು.